ಗೆದ್ದ ಜಾಗವನ್ನು ಬಿಟ್ಟುಕೊಟ್ಟ ಹಂಗೇರಿಯ ಮಾಸ್ಟರ್: ಒಂದು ಪ್ರಕರಣ ಅಧ್ಯಯನ

ಕಷ್ಟಪಟ್ಟು ಗೆದ್ದ ಜಾಗವನ್ನು ನಮಗಿಂತ ಚೆನ್ನಾಗಿ ಆಡುವವನಿಗೆ ಬಿಟ್ಟುಕೊಡಬೇಕಾ? ಚೆಸ್ ಆಡುವವರಿಗೆ, ಆಡಿಸುವವರಿಗೆ, ಆಯ್ಕೆ ಸಮಿತಿಯಲ್ಲಿ ಕೂರುವವರಿಗೆ ಈ ಪ್ರಶ್ನೆ ಒಂದಲ್ಲ ಒಂದು ದಿನ ಎದುರಾಗುತ್ತದೆ. ಹೆಚ್ಚಿನವರು ಇದಕ್ಕೆ ಅವಸರದಲ್ಲಿ ಉತ್ತರ ಕೊಡುತ್ತಾರೆ. ಅದಕ್ಕೇ ಈ ಪ್ರಕರಣವನ್ನು ನಿಧಾನವಾಗಿ ಬಿಡಿಸಿ ನೋಡೋಣ.

ಬಿಟ್ಟುಕೊಟ್ಟವರನ್ನು ಇಲ್ಲಿ ‘ಮಾಸ್ಟರ್’ ಎಂದಷ್ಟೇ ಕರೆಯುತ್ತೇನೆ. ಚೆಸ್ ಇತಿಹಾಸ ಓದಿದವರಿಗೆ ಇವರು ಯಾರೆಂದು ಬೇಗ ಗೊತ್ತಾಗುತ್ತದೆ, ಅದರಲ್ಲಿ ತಪ್ಪೇನಿಲ್ಲ. ಆದರೆ ಹೆಸರು ಕಣ್ಣೆದುರು ಇದ್ದರೆ ನಾವು ಮೊದಲೇ ಅಭಿಮಾನದ ಕಡೆಗೋ ಟೀಕೆಯ ಕಡೆಗೋ ವಾಲಿಬಿಡುತ್ತೇವೆ. ಇಲ್ಲಿ ಗಮನ ಇರಬೇಕಾದ್ದು ನಿರ್ಧಾರಗಳ ಮೇಲೆ. ಜಾಗ ಪಡೆದವನ ಹೆಸರನ್ನು ಮಾತ್ರ ಮುಚ್ಚಿಡಲು ಬರುವುದಿಲ್ಲ. ಅವನು ಅಮೆರಿಕದ ಬಾಬಿ ಫಿಶರ್, ಮುಂದೆ ವಿಶ್ವ ಚಾಂಪಿಯನ್ ಆದವನು. ಅವನನ್ನು ಬಿಟ್ಟರೆ ಕಥೆಯೇ ಅರ್ಥವಾಗುವುದಿಲ್ಲ.

ಹಿನ್ನೆಲೆ

ಮಾಸ್ಟರ್ ಹುಟ್ಟಿದ್ದು 1928ರಲ್ಲಿ, ಫ್ರಾನ್ಸ್‌ನಲ್ಲಿ. ತಂದೆ ತಾಯಿ ಹಂಗೇರಿಯವರು. ಬೆಳೆದದ್ದು ಹಂಗೇರಿಯಲ್ಲಿ. ಹದಿಹರೆಯದ ವರ್ಷಗಳನ್ನು ಎರಡನೇ ಮಹಾಯುದ್ಧ ನುಂಗಿತು. ಯುದ್ಧ ಮುಗಿದ ಮೂರೇ ವರ್ಷಕ್ಕೆ, 1948ರಲ್ಲಿ, ಇಪ್ಪತ್ತರ ಹುಡುಗ ಹಂಗೇರಿಯ ರಾಷ್ಟ್ರೀಯ ಚಾಂಪಿಯನ್ ಆದ. ಆಗ ದೇಶ ಸೋವಿಯತ್ ಹಿಡಿತಕ್ಕೆ ಹೋಗಿತ್ತು. ಚೆಸ್‌ಗೆ ಸರ್ಕಾರದಿಂದ ಗೌರವ ಇತ್ತು, ಬೆಂಬಲವೂ ಇತ್ತು. ಆದರೆ ಹೊರದೇಶಕ್ಕೆ ಹೋಗಬೇಕಾದರೆ ಮೇಲಿನವರು ಹೂಂ ಅನ್ನಬೇಕಿತ್ತು.

1952ರಲ್ಲಿ ಅವರು ಪೂರ್ವ ಬರ್ಲಿನ್‌ಗೆ ಟೂರ್ನಿ ಆಡಲು ಹೋದರು. ಬರ್ಲಿನ್ ಗೋಡೆ ಇನ್ನೂ ಎದ್ದಿರಲಿಲ್ಲ, ಅದು ಬಂದದ್ದು 1961ರಲ್ಲಿ. ಪಶ್ಚಿಮದ ಭಾಗಕ್ಕೆ ದಾಟಿ ಅಲ್ಲೇ ಉಳಿದುಬಿಡೋಣ ಅಂದುಕೊಂಡರು. ಸಿಕ್ಕಿಬಿದ್ದರು. ವಿಚಾರಣೆಯಲ್ಲಿ ನಡೆದ ಒಂದು ಸಂಗತಿಯನ್ನು ಅವರೇ ಮುಂದೆ ಹೇಳಿಕೊಂಡಿದ್ದಾರೆ. ಅವರು ಅಂಚೆಯಲ್ಲಿ ಚೆಸ್ ಆಡುತ್ತಿದ್ದರು. ಒಂದು ಕಾರ್ಡಿನಲ್ಲಿ ಒಂದು ನಡೆ ಬರೆದು ಕಳಿಸುವುದು, ಎದುರಾಳಿಯ ಉತ್ತರಕ್ಕೆ ವಾರಗಟ್ಟಲೆ ಕಾಯುವುದು. ಆ ಕಾಗದಗಳಲ್ಲಿದ್ದ ಅಕ್ಷರ ಅಂಕಿಗಳನ್ನು ನೋಡಿ ಅಧಿಕಾರಿಗಳಿಗೆ ಇದು ಗೂಢಚಾರರ ಸಂಕೇತ ಅನ್ನೋ ಅನುಮಾನ ಬಂತಂತೆ. ಕುದುರೆ ಯಾವ ಮನೆಗೆ ಹೋಯಿತು ಎಂದು ಬರೆದ ಕಾಗದಕ್ಕೆ ಉತ್ತರ ಕೊಡಬೇಕಾದ ಸ್ಥಿತಿ.

ಸುಮಾರು ಒಂದೂವರೆ ವರ್ಷ ಸೆರೆ ಶಿಬಿರದಲ್ಲಿ ಕಳೆದರು. 1953ರ ಮಾರ್ಚ್‌ನಲ್ಲಿ ಸ್ಟಾಲಿನ್ ಸತ್ತ. ಆ ವರ್ಷವೇ ಹಂಗೇರಿಯಲ್ಲಿ ಕೈದಿಗಳಿಗೆ ಕ್ಷಮಾದಾನ ಸಿಕ್ಕಿತು. ಮಾಸ್ಟರ್ ಹೊರಬಂದರು, ಮತ್ತೆ ಬೋರ್ಡಿನ ಮುಂದೆ ಕೂತರು.

ಎರಡನೇ ಪ್ರಯತ್ನ 1957ರದ್ದು. ಅಷ್ಟರಲ್ಲಿ 1956ರ ಹಂಗೇರಿಯ ದಂಗೆ ನಡೆದು, ಟ್ಯಾಂಕುಗಳ ಕೆಳಗೆ ಮುಗಿದಿತ್ತು. ಸುಮಾರು 2 ಲಕ್ಷ ಜನ ದೇಶ ಬಿಟ್ಟಿದ್ದರು. ಹಂಗೇರಿಯಿಂದ ಬಂದವರಿಗೆ ಪಶ್ಚಿಮದಲ್ಲಿ ಬಾಗಿಲು ತೆರೆದಿತ್ತು. ಐಸ್‌ಲ್ಯಾಂಡಿನ ರೇಕ್ಯವಿಕ್‌ನಲ್ಲಿ ವಿದ್ಯಾರ್ಥಿಗಳ ವಿಶ್ವ ತಂಡ ಚಾಂಪಿಯನ್‌ಷಿಪ್ ಇತ್ತು. ಮಾಸ್ಟರ್ ತಂಡದ ಜೊತೆ ಹೋದರು, ಪೂರ್ತಿ ಆಡಿದರು. ಟೂರ್ನಿ ಮುಗಿದ ಮೇಲೆ ಅಮೆರಿಕದ ರಾಯಭಾರ ಕಚೇರಿಗೆ ಹೋಗಿ ಆಶ್ರಯ ಕೇಳಿದರು. ಈ ಸಲ ಸಿಕ್ಕಿತು.

ಈ ಎರಡು ಪ್ರಯತ್ನಗಳನ್ನು ಅಕ್ಕಪಕ್ಕ ಇಟ್ಟು ನೋಡಬೇಕು. ಆಸೆ ಎರಡರಲ್ಲೂ ಒಂದೇ. ಜಾಗ ಮತ್ತು ಹೊತ್ತು ಮಾತ್ರ ಬೇರೆ. ಪೂರ್ವ ಬರ್ಲಿನ್‌ನಲ್ಲಿ ಸುತ್ತ ಇದ್ದವರೆಲ್ಲ ಅವರನ್ನು ಹಿಡಿದು ಕೊಡುವವರೇ. ರೇಕ್ಯವಿಕ್‌ನಲ್ಲಿ ಹಿಡಿಯುವ ಅಧಿಕಾರ ಯಾರಿಗೂ ಇರಲಿಲ್ಲ. ತಂಡದವರನ್ನು ಟೂರ್ನಿಯ ನಡುವೆ ಬಿಟ್ಟು ಹೋಗದೆ ತಮ್ಮ ಪಾಲಿನ ಆಟ ಮುಗಿಸಿದ್ದು ನನಗೆ ಬಹಳ ಮುಖ್ಯ ಅನ್ನಿಸುತ್ತದೆ. ಮುಂದಿನ ಅವರ ನಿರ್ಧಾರಗಳಲ್ಲೂ ಈ ಗುಣ ಕಾಣುತ್ತದೆ.

ಕುರಸಾವ್, 1962

ಅಮೆರಿಕದಲ್ಲಿ ಚೆಸ್ ಆಟಗಾರನಿಗೆ ಸರ್ಕಾರದ ಸಂಬಳ ಇರಲಿಲ್ಲ. ಸಣ್ಣಪುಟ್ಟ ಟೂರ್ನಿಗಳ ಬಹುಮಾನವೇ ಆದಾಯ. ಅಂಥ ನೆಲದಲ್ಲಿ ಮಾಸ್ಟರ್ 8 ಸಲ ಯುಎಸ್ ಓಪನ್ ಗೆದ್ದರು. 1958ರಲ್ಲಿ ಪೊರ್ಟೊರೋಜ್‌ನ ಇಂಟರ್‌ಜೋನಲ್‌ನಲ್ಲಿ ಸೋವಿಯತ್ ಆಟಗಾರ ಪೆಟ್ರೋಸಿಯನ್ ಜೊತೆ ಮೂರನೇ ಸ್ಥಾನ ಹಂಚಿಕೊಂಡು ಗ್ರ್ಯಾಂಡ್‌ಮಾಸ್ಟರ್ ಆದರು.

ವಿಶ್ವ ಚಾಂಪಿಯನ್‌ಷಿಪ್‌ನ ದಾರಿ ಗೊತ್ತಿಲ್ಲದವರಿಗೆ ಒಂದು ಮಾತು. ಆಗ ಮೊದಲು ವಲಯ ಮಟ್ಟದ ಟೂರ್ನಿ, ಆಮೇಲೆ ಇಂಟರ್‌ಜೋನಲ್, ಅಲ್ಲಿ ಮೇಲೆ ಬಂದವರಿಗೆ ಕ್ಯಾಂಡಿಡೇಟ್ಸ್, ಅದನ್ನು ಗೆದ್ದವನಿಗೆ ಚಾಂಪಿಯನ್ ಜೊತೆ ಪಂದ್ಯ. ಪೂರ್ತಿ ಮೂರು ವರ್ಷದ ಚಕ್ರ. ಒಂದು ಮೆಟ್ಟಿಲು ತಪ್ಪಿದರೆ ಮತ್ತೆ ಮೂರು ವರ್ಷ ಕಾಯಬೇಕು.

ಮಾಸ್ಟರ್ ಎರಡು ಸಲ ಕ್ಯಾಂಡಿಡೇಟ್ಸ್ ಮುಟ್ಟಿದರು. 1959ರಲ್ಲಿ ಯುಗೊಸ್ಲಾವಿಯದಲ್ಲಿ ಎಂಟು ಜನರಲ್ಲಿ ಕೊನೆಯವರಾದರು. ಸೋವಿಯತ್ ಆಟಗಾರ ಮಿಖಾಯಿಲ್ ಟಾಲ್ ಕಣ್ಣಿನಿಂದಲೇ ಮಂಕು ಕವಿಸುತ್ತಾನೆ ಎಂದು ನಂಬಿ ಕಪ್ಪು ಕನ್ನಡಕ ಹಾಕಿಕೊಂಡು ಆಡಿದ್ದು ಆಗಲೇ. ಅದರಿಂದ ಗೆಲುವೇನೂ ಬರಲಿಲ್ಲ. 1962ರಲ್ಲಿ ಕ್ಯಾರಿಬಿಯನ್‌ನ ಕುರಸಾವ್ ದ್ವೀಪದಲ್ಲಿ ಎಂಟರಲ್ಲಿ ಆರನೆಯವರಾದರು. ಆದರೂ ಅಲ್ಲಿ ರಾಜನ ಕಡೆಯ ಕುದುರೆಯ ಮುಂದಿನ ಕಾಲಾಳನ್ನು ಒಂದೇ ಮನೆ ಮುಂದಿಟ್ಟು, ಅಂದರೆ ಜಿ3 ಎಂದು ಆಟ ಶುರು ಮಾಡಿ ಫಿಶರ್ ಮತ್ತು ಟಾಲ್ ಇಬ್ಬರನ್ನೂ ಸೋಲಿಸಿದರು.

ಕುರಸಾವ್‌ನ ಎರಡು ಘಟನೆಗಳು ಈ ಪ್ರಕರಣಕ್ಕೆ ಬೇಕು.

ಮೊದಲನೆಯದು ಜಗಳ. ಅಮೆರಿಕದ ಇಬ್ಬರು ಆಟಗಾರರಿಗೂ ಸೇರಿ ಒಬ್ಬನೇ ಸಹಾಯಕನನ್ನು ಕಳಿಸಿದ್ದರು. ಮುಗಿಯದೆ ಮರುದಿನಕ್ಕೆ ನಿಂತ ಆಟಗಳ ವಿಶ್ಲೇಷಣೆಗೆ ಸಹಾಯಕ ತನಗೇ ಬೇಕು ಎಂದು ಫಿಶರ್, ನನಗೂ ಹಕ್ಕಿದೆ ಎಂದು ಮಾಸ್ಟರ್. ಮಾತಿಗೆ ಮಾತು ಬೆಳೆದು ಮಾಸ್ಟರ್ ಫಿಶರ್‌ನ ಕೆನ್ನೆಗೆ ಹೊಡೆದರು. ಆಗ ಫಿಶರ್‌ಗೆ 19 ವರ್ಷ. ಹೊಡೆದದ್ದಕ್ಕೆ ಮಾಸ್ಟರ್ ಮುಂದೆ ಪಶ್ಚಾತ್ತಾಪ ಪಟ್ಟರು.

ಎರಡನೆಯದು ಕೊನೆಗಿಂತ ಒಂದು ಸುತ್ತು ಮೊದಲು ನಡೆದದ್ದು. ಎಸ್ಟೋನಿಯದ ಪಾಲ್ ಕೆರೆಸ್ ಮೊದಲ ಸ್ಥಾನಕ್ಕೆ ಪೈಪೋಟಿಯಲ್ಲಿದ್ದರು. ಅದೇ ಟೂರ್ನಿಯಲ್ಲಿ ಕೆರೆಸ್ ಆಗಲೇ ಮಾಸ್ಟರ್‌ರನ್ನು ಮೂರು ಸಲ ಸೋಲಿಸಿದ್ದರು. ನಾಲ್ಕನೇ ಆಟ ಮುಗಿಯದೆ ಮರುದಿನಕ್ಕೆ ನಿಂತಿತು, ಮಾಸ್ಟರ್ ಸ್ಥಿತಿ ಚೆನ್ನಾಗಿತ್ತು. ಕೆರೆಸ್ ಸೋತರೆ ಲಾಭವಾಗುವುದು ಸೋವಿಯತ್ ಆಟಗಾರರಾದ ಪೆಟ್ರೋಸಿಯನ್ ಮತ್ತು ಗೆಲ್ಲರ್‌ಗೆ. ವಿಶ್ಲೇಷಣೆಗೆ ನೆರವಾಗುತ್ತೇವೆ ಎಂದು ಅವರಿಬ್ಬರೂ ಬಂದರು, ನಾನು ಬೇಡ ಅಂದೆ ಎಂದು ಮಾಸ್ಟರ್ ಹೇಳಿದ್ದಾರೆ. ಒಬ್ಬರೇ ಕೂತು ನೋಡಿ, ಒಬ್ಬರೇ ಗೆದ್ದರು. ಕೊನೆಯ ಲೆಕ್ಕದಲ್ಲಿ ಪೆಟ್ರೋಸಿಯನ್ 17.5, ಗೆಲ್ಲರ್ ಮತ್ತು ಕೆರೆಸ್ ತಲಾ 17. ಅರ್ಧ ಅಂಕದಿಂದ ಕೆರೆಸ್ ಕೈಗೆ ಬಂದದ್ದು ಬಾಯಿಗೆ ಬರಲಿಲ್ಲ.

ಆರನೇ ಸ್ಥಾನದಲ್ಲಿದ್ದವರಿಗೆ ಆ ಗೆಲುವಿನಿಂದ ತಮಗಾಗಿ ಏನೂ ಸಿಗುತ್ತಿರಲಿಲ್ಲ. ಸುಮ್ನೆ ಡ್ರಾ ಮಾಡಿಕೊಂಡು ಎದ್ದುಬಿಡಬಹುದಿತ್ತು. ಹಾಗೆ ಮಾಡಲಿಲ್ಲ, ಗೆಲ್ಲಲು ಬೇರೆಯವರ ಕೈಯನ್ನೂ ಹಿಡಿಯಲಿಲ್ಲ. ಮುಂದೆ 1970ರಲ್ಲಿ ಇದೇ ಮನುಷ್ಯ ಜಾಗ ಬಿಟ್ಟುಕೊಟ್ಟಾಗ ‘ದುಡ್ಡಿಗೆ ಮಾರಿಕೊಂಡ’ ಎಂದವರು ಇದ್ದರು. ಅವರು ಕುರಸಾವ್‌ನ ಆ ರಾತ್ರಿಯನ್ನು ನೆನಪಿಸಿಕೊಳ್ಳಬೇಕಿತ್ತು.

ಸಮಸ್ಯೆ

1969ರ ಕೊನೆಯಲ್ಲಿ ನಡೆದ ಅಮೆರಿಕದ ಚಾಂಪಿಯನ್‌ಷಿಪ್ ವಲಯ ಟೂರ್ನಿಯೂ ಆಗಿತ್ತು. ಮೊದಲ ಮೂರು ಸ್ಥಾನದವರಿಗೆ ಇಂಟರ್‌ಜೋನಲ್ ಟಿಕೆಟ್. ಸ್ಯಾಮುವೆಲ್ ರೆಶೆವ್ಸ್ಕಿ ಮೊದಲು, ವಿಲಿಯಂ ಅಡಿಸನ್ ಎರಡನೆಯವರು, ನಮ್ಮ ಮಾಸ್ಟರ್ ಮೂರನೆಯವರು. ಫಿಶರ್ ಆಡಲೇ ಇಲ್ಲ. 11 ಸುತ್ತಿನ ಟೂರ್ನಿ ತೀರಾ ಚಿಕ್ಕದು, ಉದ್ದ ಮಾಡಿ ಎಂದು ಅವನು ಹಟ ಹಿಡಿದಿದ್ದ.

ನಿಯಮದ ಪ್ರಕಾರ ಅಲ್ಲಿಗೆ ಮುಗಿಯಿತು. ಫಿಶರ್ ಇನ್ನೂ ಮೂರು ವರ್ಷ ಕಾಯಬೇಕು. ಆದರೆ ಅವನು ಆಡಿದ ಎಂಟು ಅಮೆರಿಕನ್ ಚಾಂಪಿಯನ್‌ಷಿಪ್‌ಗಳಲ್ಲಿ ಎಂಟನ್ನೂ ಗೆದ್ದವನು. ಸೋವಿಯತ್ ಆಟಗಾರರ ಸಾಲನ್ನು ಒಬ್ಬನೇ ಮುರಿಯಬಲ್ಲವನು ಯಾರು ಅಂದರೆ ಚೆಸ್ ಲೋಕ ಬೆರಳು ತೋರಿಸುತ್ತಿದ್ದದ್ದು ಅವನ ಕಡೆಗೇ.

ಇನ್ನೊಂದು ಕಡೆ ಅವನ ಚರಿತ್ರೆ. 1964ರ ಇಂಟರ್‌ಜೋನಲ್‌ಗೆ ಅವನು ಹೋಗಲೇ ಇಲ್ಲ. 1967ರಲ್ಲಿ ಟ್ಯುನೀಷಿಯದ ಸೂಸ್‌ನಲ್ಲಿ ಮುಂದಿದ್ದಾಗಲೇ ಜಗಳ ಮಾಡಿಕೊಂಡು ಎದ್ದು ಹೋದ. ಇಂಥವನಿಗೆ ಜಾಗ ಕೊಟ್ಟು, ಅವನು ಮತ್ತೆ ಅರ್ಧಕ್ಕೆ ಬಿಟ್ಟು ಬಂದರೆ? ಕೊಟ್ಟವರಿಗೂ ಇಲ್ಲ, ಪಡೆದವನಿಗೂ ಇಲ್ಲ.

ಏನು ಮಾಡಿದರು

ಮಾಸ್ಟರ್ ಮುಂದೆ ಸರಳವಾದ ದಾರಿಯೊಂದಿತ್ತು. ಹೋಗಿ ಆಡುವುದು. ಆಡಿದ್ದರೆ ಯಾರೂ ಒಂದು ಮಾತು ಅನ್ನುವಂತಿರಲಿಲ್ಲ. ಜಾಗ ಅವರದು, ಬೋರ್ಡಿನ ಮೇಲೆ ಗೆದ್ದದ್ದು.

ಅವರು ಯೋಚಿಸಿದ್ದು ಬೇರೆ ರೀತಿ. ಜಗತ್ತಿನ ಅತ್ಯುತ್ತಮರಲ್ಲಿ ಒಬ್ಬನಾದ ಫಿಶರ್ ಇಂಟರ್‌ಜೋನಲ್‌ನಲ್ಲಿ ಇರಬೇಕು ಅನ್ನುವುದು ಅವರ ನಿಲುವು. ತಮಗೆ ಆಗಲೇ 41 ದಾಟಿತ್ತು. ಎರಡು ಸಲ ಕ್ಯಾಂಡಿಡೇಟ್ಸ್ ಆಡಿ ಒಮ್ಮೆ ಎಂಟನೆಯವರು, ಒಮ್ಮೆ ಆರನೆಯವರು. ಮೂರನೇ ಸಲ ವಿಶ್ವ ಕಿರೀಟದ ಹತ್ತಿರ ಹೋಗುತ್ತೇನಾ ಎಂದು ತಮ್ಮನ್ನೇ ಕೇಳಿಕೊಂಡರೆ ಉತ್ತರ ಅವರಿಗೆ ಗೊತ್ತಿತ್ತು. ತಮ್ಮ ಸ್ಥಿತಿಯನ್ನು ಎದುರಾಳಿಯ ಸ್ಥಿತಿಯಷ್ಟೇ ನಿಷ್ಠುರವಾಗಿ ಅಳೆಯುವುದು ದೊಡ್ಡ ಆಟಗಾರರಿಗೂ ಕಷ್ಟ.

ಅಮೆರಿಕದ ಚೆಸ್ ಒಕ್ಕೂಟದ ಕಡೆಯಿಂದ ಎಡ್ ಎಡ್ಮಂಡ್‌ಸನ್ ಮಾತುಕತೆ ನಡೆಸಿದರು. ಮಾಸ್ಟರ್ ಒಂದು ಷರತ್ತು ಇಟ್ಟರು: ಫಿಶರ್ ಅರ್ಧಕ್ಕೆ ಬಿಟ್ಟು ಬರಬಾರದು. ಒಕ್ಕೂಟ ಮಾಸ್ಟರ್‌ಗೆ 2000 ಡಾಲರ್ ಕೊಟ್ಟಿತು. ಅವರು ಆಡುವವರಾಗಿ ಹೋಗದೆ ಅಮೆರಿಕದ ಆಟಗಾರರ ಸಹಾಯಕರಾಗಿ ಹೋದರು. ಕುರಸಾವ್‌ನಲ್ಲಿ ಜಗಳ ಹುಟ್ಟಿದ್ದೇ ಸಹಾಯಕನ ವಿಷಯಕ್ಕೆ ಅನ್ನುವುದನ್ನು ನೆನಪಿಟ್ಟುಕೊಂಡರೆ ಈ ಒಪ್ಪಂದದ ತೂಕ ಜಾಸ್ತಿಯಾಗುತ್ತದೆ.

ನಿಯಮ ಸಡಿಲಿಸಿ ಈ ಬದಲಾವಣೆಗೆ ಅವಕಾಶ ಕೊಟ್ಟದ್ದು ವಿಶ್ವ ಚೆಸ್ ಒಕ್ಕೂಟವಾದ ಫಿಡೆಯ ಅಧ್ಯಕ್ಷ ಮ್ಯಾಕ್ಸ್ ಯೂವೆ, ಸ್ವತಃ ಮಾಜಿ ವಿಶ್ವ ಚಾಂಪಿಯನ್. ಇದಕ್ಕೆ ಟೀಕೆಯೂ ಬಂತು. ಆ ಟೀಕೆಯಲ್ಲಿ ಹುರುಳಿಲ್ಲ ಎಂದು ನಾನು ಹೇಳಲಾರೆ. ವಲಯ ಟೂರ್ನಿ ಆಡದವನಿಗೆ ಹಿಂದಿನ ಬಾಗಿಲಿನಿಂದ ಪ್ರವೇಶ ಕೊಟ್ಟರೆ ಬೇರೆ ವಲಯಗಳಲ್ಲಿ ಬೆವರು ಸುರಿಸಿ ಬಂದವರಿಗೆ ಏನು ಹೇಳುವುದು? ಆಟ ಆಡಿಸುವವರು ಈ ಪ್ರಶ್ನೆಯನ್ನು ಗಂಭೀರವಾಗಿಯೇ ತೆಗೆದುಕೊಳ್ಳಬೇಕು.

ನಡುವೆ ಇನ್ನೊಂದು ಸಂಗತಿ. 1970ರ ವಸಂತದಲ್ಲಿ ಬೆಲ್‌ಗ್ರೇಡ್‌ನಲ್ಲಿ ಸೋವಿಯತ್ ತಂಡಕ್ಕೂ ‘ಉಳಿದ ಜಗತ್ತಿನ’ ತಂಡಕ್ಕೂ ಪಂದ್ಯ ನಡೆಯಿತು. ಮೊದಲ ಬೋರ್ಡ್ ತನಗೇ ಬೇಕು ಎಂದು ಡೆನ್ಮಾರ್ಕಿನ ಬೆಂಟ್ ಲಾರ್ಸನ್ ಪಟ್ಟು ಹಿಡಿದಾಗ ಫಿಶರ್ ಅದನ್ನು ಬಿಟ್ಟುಕೊಟ್ಟು ಎರಡನೇ ಬೋರ್ಡಿನಲ್ಲಿ ಕೂತ. ಪೆಟ್ರೋಸಿಯನ್ ವಿರುದ್ಧ 3-1ರಿಂದ ಗೆದ್ದ. ಹಟಮಾರಿ ಎಂದೇ ಹೆಸರಾದವನು ಹೀಗೆ ಜಾಗ ಬಿಟ್ಟದ್ದನ್ನು ಕಂಡವರಿಗೆ, ಅವನಿಗೆ ಆಡುವ ಮನಸ್ಸು ಬಂದಿದೆ ಅನ್ನೋ ಭರವಸೆ ಸಿಕ್ಕಿತು.

ಏನಾಯಿತು

1970ರ ನವೆಂಬರ್ ಮತ್ತು ಡಿಸೆಂಬರ್‌ನಲ್ಲಿ ಸ್ಪೇನ್‌ನ ಪಾಲ್ಮಾ ದ ಮಯೋರ್ಕಾದಲ್ಲಿ 24 ಜನರ ಇಂಟರ್‌ಜೋನಲ್. ಫಿಶರ್ 23 ಆಟಗಳಲ್ಲಿ 18.5 ಅಂಕ ಪಡೆದ. ಎರಡನೇ ಸ್ಥಾನದ ಮೂವರಿಗಿಂತ ಮೂರೂವರೆ ಅಂಕ ಮುಂದೆ. ಕೊನೆಯ ಏಳು ಆಟಗಳನ್ನು ಸಾಲಾಗಿ ಗೆದ್ದ. ಅರ್ಧಕ್ಕೆ ಎದ್ದು ಹೋಗಲಿಲ್ಲ.

ಆಮೇಲಿನದು ಎಲ್ಲರಿಗೂ ಗೊತ್ತು. 1971ರಲ್ಲಿ ತೈಮಾನೊವ್ ವಿರುದ್ಧ 6-0, ಲಾರ್ಸನ್ ವಿರುದ್ಧ 6-0, ಪೆಟ್ರೋಸಿಯನ್ ವಿರುದ್ಧ 6.5-2.5. 1972ರಲ್ಲಿ ಬೊರಿಸ್ ಸ್ಪಾಸ್ಕಿಯನ್ನು 12.5-8.5ರಿಂದ ಸೋಲಿಸಿ ವಿಶ್ವ ಚಾಂಪಿಯನ್ ಆದ. ಅದು ನಡೆದದ್ದು ರೇಕ್ಯವಿಕ್‌ನಲ್ಲಿ, ಮಾಸ್ಟರ್ 15 ವರ್ಷ ಹಿಂದೆ ಆಶ್ರಯ ಕೇಳಿದ ಊರಿನಲ್ಲೇ.

ಪಾಲ್ಮಾದಲ್ಲಿ ಮೇಲಿನ ಆರು ಜನರಿಗೆ ಮುಂದಿನ ಹಂತಕ್ಕೆ ದಾರಿ ಇತ್ತು. ರೆಶೆವ್ಸ್ಕಿ ಮತ್ತು ಅಡಿಸನ್ ಇಬ್ಬರೂ ಪಟ್ಟಿಯ ಕೆಳಗಿನ ಅರ್ಧದಲ್ಲಿ ಉಳಿದರು. ಇವರಿಬ್ಬರೂ ವಲಯ ಟೂರ್ನಿಯಲ್ಲಿ ಮಾಸ್ಟರ್‌ಗಿಂತ ಮುಂದಿದ್ದವರು. ಮಾಸ್ಟರ್ ತಾವೇ ಆಡಿದ್ದರೆ ಏನಾಗುತ್ತಿತ್ತು ಎಂದು ಖಚಿತವಾಗಿ ಹೇಳಲು ಬರುವುದಿಲ್ಲ. ಆದರೆ ಅವರು ಹಾಕಿದ ಲೆಕ್ಕ ತಪ್ಪಾಗಿರಲಿಲ್ಲ ಅನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ಸುಳಿವು ಬೇಕಿಲ್ಲ.

ಬಿಟ್ಟುಕೊಟ್ಟ ಮೇಲಿನ ಬದುಕು

ಪ್ರಕರಣದ ಈ ಭಾಗವನ್ನು ಹೆಚ್ಚಿನವರು ಬಿಟ್ಟುಬಿಡುತ್ತಾರೆ. ನನಗೆ ಇದೇ ಹೆಚ್ಚು ಮುಖ್ಯ. ಜಾಗ ಬಿಟ್ಟವರು ಮುಂದೆ ಏನಾದರು?

ಮಾಸ್ಟರ್ ಚೆಸ್ ಬಿಡಲಿಲ್ಲ. 1974 ಮತ್ತು 1975ರಲ್ಲಿ ಮತ್ತೆ ಯುಎಸ್ ಓಪನ್ ಗೆದ್ದರು. ಅವರು ಆಡಿ ಬೆಳೆಸಿದ ಗ್ಯಾಂಬಿಟ್, ಅಂದರೆ ಶುರುವಿನಲ್ಲೇ ಕಾಲಾಳು ಬಿಟ್ಟುಕೊಡುವ ಆಟ, ಇವತ್ತಿಗೂ ಅವರ ಹೆಸರಿನಲ್ಲೇ ಇದೆ. ಬಿಳಿ ಡಿ4, ಕಪ್ಪು ಕುದುರೆ ಎಫ್6. ಬಿಳಿ ಸಿ4, ಕಪ್ಪು ಸಿ5. ಬಿಳಿ ಡಿ5 ಎಂದು ಮುಂದೆ ನುಗ್ಗಿದ ಕೂಡಲೇ ಕಪ್ಪು ಬಿ5 ಎಂದು ಒಂದು ಕಾಲಾಳನ್ನು ಎದುರಿಗೆ ತಳ್ಳುತ್ತದೆ. ಬಿಳಿ ಅದನ್ನು ಹೊಡೆದರೆ ಕಪ್ಪು ಎ6 ಎಂದು ಇನ್ನೊಂದನ್ನು ಮುಂದಿಡುತ್ತದೆ. ಅದನ್ನೂ ಹೊಡೆದರೆ ಎ ಮತ್ತು ಬಿ ಸಾಲು ಎರಡರಲ್ಲೂ ಕಪ್ಪಿನ ಕಾಲಾಳು ಇರುವುದಿಲ್ಲ. ಕಪ್ಪಿನ ಎರಡು ಆನೆಗಳು ಅಲ್ಲಿ ಬಂದು ನಿಲ್ಲುತ್ತವೆ, ಜಿ7ರ ಒಂಟೆ ಓರೆಯಾಗಿ ಬೋರ್ಡಿನುದ್ದಕ್ಕೂ ಕಣ್ಣಿಡುತ್ತದೆ. ಮಾಮೂಲಿ ಗ್ಯಾಂಬಿಟ್‌ನಲ್ಲಿ ಕಾಲಾಳು ಕೊಟ್ಟವನು ಬೇಗ ದಾಳಿ ಮಾಡಬೇಕು, ಇಲ್ಲದಿದ್ದರೆ ಕೊಟ್ಟದ್ದು ನಷ್ಟ. ಇಲ್ಲಿ ಹಾಗಲ್ಲ. ಮಂತ್ರಿಗಳು ಹೊಡೆದುಕೊಂಡು ಹೋದ ಮೇಲೂ ಒತ್ತಡ ಇಳಿಯುವುದಿಲ್ಲ. ಬಿಳಿ ಆಡಿದವರನ್ನು ಕೇಳಿ ನೋಡಿ, ಒಂದು ಕಾಲಾಳು ಜಾಸ್ತಿ ಇಟ್ಟುಕೊಂಡೂ ನೆಮ್ಮದಿಯಿಂದ ಉಸಿರಾಡಲು ಆಗುವುದಿಲ್ಲ.

ಇದರ ಜೊತೆಗೆ ಚೆಸ್ ಸಮಸ್ಯೆಗಳನ್ನು ಕಟ್ಟಿದರು. ‘ಮೂರು ನಡೆಯಲ್ಲಿ ಮೇಟ್’ ಥರದವು, ಕಾಯಿಗಳನ್ನು ಅಕ್ಷರದ ಆಕಾರದಲ್ಲಿ ಜೋಡಿಸಿದವು, ನಾಲ್ಕೈದೇ ಕಾಯಿಗಳ ಅಂತ್ಯದಾಟಗಳು. ಅಮೆರಿಕದ ಚೆಸ್ ಪತ್ರಿಕೆಯಲ್ಲಿ ವರ್ಷಗಟ್ಟಲೆ ಅಂಕಣ ಬರೆದರು. ಈ ಕೆಲಸಕ್ಕೇ ಬೇರೆ ಅಂತರರಾಷ್ಟ್ರೀಯ ಮಾಸ್ಟರ್ ಬಿರುದು ಬಂತು. 1993ರಲ್ಲಿ ಅಮೆರಿಕದ ಚೆಸ್ ಹಾಲ್ ಆಫ್ ಫೇಮ್‌ಗೆ ಸೇರಿದರು. ಮತ್ತೆ ಬುಡಾಪೆಸ್ಟ್‌ಗೆ ಬಂದು ನೆಲೆಸಿದರು. 1990ರ ದಶಕದಲ್ಲಿ ಫಿಶರ್ ಕೂಡ ಕೆಲವು ವರ್ಷ ಅದೇ ಊರಿನಲ್ಲಿದ್ದ, ಇಬ್ಬರ ಒಡನಾಟ ಆಗಲೂ ಇತ್ತು. 2019ರಲ್ಲಿ ಮಾಸ್ಟರ್ ಬುಡಾಪೆಸ್ಟ್‌ನಲ್ಲಿ ತೀರಿಕೊಂಡಾಗ ಅವರಿಗೆ 91.

ಇದರಿಂದ ತಿಳಿಯುವುದು

ಈ ಪ್ರಕರಣವನ್ನು ‘ತ್ಯಾಗ’ ಎಂದು ಹೊಗಳಿ ಕೈತೊಳೆದುಕೊಂಡರೆ ಅರ್ಧ ಸತ್ಯ ಕೈಬಿಟ್ಟುಹೋಗುತ್ತದೆ. ಮಾಸ್ಟರ್ ಕಣ್ಣುಮುಚ್ಚಿ ಕೊಡಲಿಲ್ಲ. ಷರತ್ತು ಹಾಕಿದರು, ಹಣ ತೆಗೆದುಕೊಂಡರು, ಮಾಡುವ ಕೆಲಸ ಏನು ಎಂದು ಗೊತ್ತುಮಾಡಿಕೊಂಡರು. ಬಹುಮಾನದ ದುಡ್ಡಿನಲ್ಲಿ ಬದುಕುವ ಆಟಗಾರ ಒಂದು ದೊಡ್ಡ ಟೂರ್ನಿಯನ್ನು ಬಿಟ್ಟಾಗ ಪರಿಹಾರ ಕೇಳುವುದು ನ್ಯಾಯ. ಹಣ ಬಂತು ಅನ್ನುವ ಕಾರಣಕ್ಕೆ ಮನಸ್ಸು ಸಣ್ಣದಾಗುವುದಿಲ್ಲ, ಅಲ್ವಾ?

ಎಲ್ಲಕ್ಕಿಂತ ದೊಡ್ಡ ಮಾತು ಅಂದರೆ, ನಿರ್ಧಾರ ಅವರದೇ ಆಗಿತ್ತು. ಯಾರೂ ತಮ್ಮನ್ನು ಒತ್ತಾಯಿಸಲಿಲ್ಲ ಎಂದು ಅವರು ಹೇಳುತ್ತಲೇ ಬಂದರು. ಇದನ್ನು ನಮ್ಮ ತರಬೇತುದಾರರು, ಅಪ್ಪ ಅಮ್ಮಂದಿರು ಚೆನ್ನಾಗಿ ಗಮನಿಸಬೇಕು. ‘ಅವನು ನಿನಗಿಂತ ಚೆನ್ನಾಗಿ ಆಡ್ತಾನೆ, ನೀನು ಬಿಟ್ಟುಕೊಡು’ ಎಂದು ಮಕ್ಕಳಿಗೆ ಹೇಳುವ ಹಕ್ಕು ಯಾರಿಗೂ ಇಲ್ಲ. ಮಾಸ್ಟರ್ ತಮ್ಮ ಪೂರ್ತಿ ಅವಕಾಶವನ್ನು ಎರಡು ಸಲ ಆಡಿ ನೋಡಿದವರು. ತಮ್ಮ ಎತ್ತರ ಎಷ್ಟು ಎಂದು ಬೋರ್ಡಿನ ಮೇಲೆ ಕಂಡುಕೊಂಡವರು. ಹದಿನಾಲ್ಕರ ಹುಡುಗಿಗೆ ಆ ತಿಳಿವಳಿಕೆ ಇನ್ನೂ ಬಂದಿರುವುದಿಲ್ಲ. ಅವಳು ಹೋಗಿ ಆಡಲಿ, ಸೋಲಲಿ, ತನ್ನ ಎತ್ತರವನ್ನು ತಾನೇ ನೋಡಿಕೊಳ್ಳಲಿ.

ಬಿಟ್ಟುಕೊಟ್ಟ ಮೇಲೂ ಮಾಸ್ಟರ್‌ಗೆ ಕೈತುಂಬ ಕೆಲಸ ಇತ್ತು. ಜಾಗವೊಂದೇ ಬದುಕು ಅಂದುಕೊಂಡವರಿಗೆ ಈ ನಿರ್ಧಾರ ಕಹಿಯಾಗಿ ಉಳಿದುಬಿಡುತ್ತಿತ್ತು. ಅಂಥವರನ್ನು ಬಿಟ್ಟುಕೊಡಿ ಎಂದು ಕೇಳುವ ಮೊದಲು ಅವರ ಮುಂದಿನ ದಾರಿ ಏನು ಎಂದು ಸಂಘದವರು ಯೋಚಿಸಿರಬೇಕು.

ಇನ್ನು ಆಯ್ಕೆ ಸಮಿತಿಯಲ್ಲಿ ಇರುವವರಿಗೆ ಒಂದು ವಿಷಯ. ಜಾಗ ಬಿಟ್ಟರೆ ಅದು ತಾನಾಗೇ ಬೇಕಾದವನಿಗೆ ಹೋಗುವುದಿಲ್ಲ. ಪಟ್ಟಿಯಲ್ಲಿ ಮುಂದಿನವರು ಇರುತ್ತಾರೆ. 1969ರ ಟೂರ್ನಿಯಲ್ಲಿ ಮಾಸ್ಟರ್‌ನ ನಂತರದ ಸ್ಥಾನದಲ್ಲಿದ್ದವರು ವಿಲಿಯಂ ಲೊಂಬಾರ್ಡಿ, ಆ ಕಾಲಕ್ಕೆ ಕ್ಯಾಥೊಲಿಕ್ ಪಾದ್ರಿಯಾಗಿದ್ದ ಗ್ರ್ಯಾಂಡ್‌ಮಾಸ್ಟರ್. ಅವರನ್ನೂ ಕೇಳಿದರು, ಅವರೂ ಒಪ್ಪಿದರು. 1972ರಲ್ಲಿ ರೇಕ್ಯವಿಕ್‌ನಲ್ಲಿ ಫಿಶರ್‌ನ ಸಹಾಯಕರಾಗಿ ಕೂತದ್ದೂ ಅವರೇ. ಅವರು ಬೇಡ ಅಂದಿದ್ದರೆ ಮಾಸ್ಟರ್ ಎಷ್ಟೇ ದೊಡ್ಡ ಮನಸ್ಸು ಮಾಡಿದ್ದರೂ ಪಾಲ್ಮಾದ ಆ ಕುರ್ಚಿಯ ಮೇಲಿನ ಹಕ್ಕು ಲೊಂಬಾರ್ಡಿಯದೇ ಆಗಿರುತ್ತಿತ್ತು.